ಹವ್ಯಾಸವೋ, ಜಾತಿಯೋ, ಕಾಯಕವೋ?

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಇಂಜಿನಿಯರರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

‘ಕಾಯಕ ಮತ್ತು ಇಂದಿನ ಬದುಕು’ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಪೂಜ್ಯರು ಅಪ್ಪಣೆ ಮಾಡಿದ್ದಾರೆ. ನಾನು ವಚನ ಸಾಹಿತ್ಯದ ಪಂಡಿತನಲ್ಲ. 35 ವರ್ಷ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ, ಸೇತುವೆ, ಸರ್ಕಾರಿ ಕಟ್ಟಡ ಎಂದು ಅಳತೆ ಪುಸ್ತಕ ಹಿಡಿದು ಓಡಾಡಿದವನು. ದೊಡ್ಡ ವಿಷಯವನ್ನು ದೊಡ್ಡದಾಗಿ ಹೇಳುವ ಶಕ್ತಿ ನನಗಿಲ್ಲ. ಅದಕ್ಕೇ ಒಂದು ಸಣ್ಣ ವಸ್ತುವನ್ನು ಕೈಯಲ್ಲಿ ಹಿಡಿದು ತಂದಿದ್ದೇನೆ. ಇದು ನಾಯಿಯ ಕೊರಳಪಟ್ಟಿ. ಆಡುಮಾತಿನಲ್ಲಿ ನಾಯಿ ಬೆಲ್ಟು ಎನ್ನುತ್ತೇವೆ. ಚರ್ಮದ್ದು. ಕೈಯಿಂದಲೇ ಕತ್ತರಿಸಿ, ಕೈಯಿಂದಲೇ ಹೊಲಿದದ್ದು.

ಮಠದ ವೇದಿಕೆಗೆ ಇದನ್ನು ತರಬಹುದೇ ಎಂದು ಪೂಜ್ಯರನ್ನು ಮೊದಲೇ ಕೇಳಿದೆ. ಅವರು ನಕ್ಕು, “ಹರಳಯ್ಯನವರ ಪಾದುಕೆ ಬಸವಣ್ಣನವರ ತಲೆಯ ಮೇಲೆ ಕೂತಿತ್ತಲ್ಲ, ನಿಮ್ಮ ಪಟ್ಟಿ ಮೇಜಿನ ಮೇಲೆ ಕೂತರೆ ಏನಾಯಿತು?” ಎಂದರು. ಆ ಮಾತಿನ ಧೈರ್ಯದ ಮೇಲೆ ಈ ಉಪನ್ಯಾಸ.

ಪಟ್ಟಿ ಯಾಕೆ ಹರಿಯುತ್ತದೆ?

ನಾನು ಹುಟ್ಟಿದ್ದು ಬಾಗಲಕೋಟೆ ಸೀಮೆಯಲ್ಲಿ. ಈಗ ಇರುವುದು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನ ಮಂಕಿಯಲ್ಲಿ. ಹೊನ್ನಾವರದಿಂದ ಮುರ್ಡೇಶ್ವರಕ್ಕೆ ಹೋಗುವಾಗ ದಾರಿಯಲ್ಲಿ ಸಿಗುವ ಊರು. ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟದ ತಪ್ಪಲು, ನಡುವೆ ರಾಷ್ಟ್ರೀಯ ಹೆದ್ದಾರಿ 66 ಮತ್ತು ಕೊಂಕಣ ರೈಲು. ಊರು ಬಿಟ್ಟರೂ ಊರಿನ ಅಭಿಮಾನ ಬಿಡಲಿಲ್ಲ, ಮನೆಯಲ್ಲಿ ಮುಧೋಳ ನಾಯಿ ಇದೆ. ಉದ್ದ ಕಾಲು, ಸಪೂರ ಸೊಂಟ, ಓಡಲೆಂದೇ ಹುಟ್ಟಿದ ಪ್ರಾಣಿ. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರವಿರುವ ಅಂಚೆಚೀಟಿ ತಂದಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರವಿದೆ.

ನಾಯಿಯೇನು ದೊಡ್ಡ ವಿಷಯ ಎನ್ನಬೇಡಿ. ಕನ್ನಡ ನಾಡು ನಾಯಿಗೆ ಕಲ್ಲು ನಿಲ್ಲಿಸಿದ ನಾಡು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949–50ರ ಶಾಸನವಿತ್ತು, ಈಗ ಅದು ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯದಲ್ಲಿದೆ. ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪು ಅದರಲ್ಲಿದೆ. ನಮ್ಮ ಪರಂಪರೆಯಲ್ಲೂ ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಲ್ಲಿ ವೇದ ಓದಿಸಿದ ಕಥೆ ಇದೆ. ಕೀಳು ಎಂದು ದೂರ ಇಟ್ಟದ್ದನ್ನು ಎತ್ತಿ ಮುಂದೆ ಕೂರಿಸುವುದು ಶರಣರ ರೂಢಿ.

ಒಂದು ದಿನ ಸಂಜೆ ಹೆದ್ದಾರಿಯ ಪಕ್ಕ ನಾಯಿಯನ್ನು ಹಿಡಿದು ಹೋಗುತ್ತಿದ್ದೆ. ಅಂಗಡಿಯಲ್ಲಿ ಕೊಂಡ ಹೊಳೆಯುವ ಪಟ್ಟಿ. ಬೆಕ್ಕು ಕಂಡಿತು, ನಾಯಿ ಜಿಗಿಯಿತು, ಹಗ್ಗ ನನ್ನ ಕೈಯಲ್ಲೇ ಉಳಿಯಿತು, ನಾಯಿ ಲಾರಿಗಳ ನಡುವೆ ದಾಟಿ ಆಚೆ ಸೇರಿತು. ಶಿವನ ದಯೆ, ಏನೂ ಆಗಲಿಲ್ಲ. ಮನೆಗೆ ಬಂದು ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಚರ್ಮ ಹರಿದಿರಲಿಲ್ಲ. ಹಗ್ಗ ಸಿಕ್ಕಿಸುವ ಡಿ ಆಕಾರದ ಬಳೆ ಬಾಯಿ ತೆರೆದಿತ್ತು. ತಂತಿಯನ್ನು ಬಗ್ಗಿಸಿ ತುದಿ ಕೂಡಿಸಿದ್ದರು, ಬೆಸುಗೆ ಹಾಕಿರಲಿಲ್ಲ. ಒಳಗೆ ಕಬ್ಬಿಣ, ಮೇಲೆ ಬಿಳಿ ಲೇಪ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಆ ಲೇಪ ಒಂದು ಮಳೆಗಾಲ ಬಾಳುವುದೂ ಕಷ್ಟ.

ಇಂಜಿನಿಯರಿಗೆ ಒಂದು ವಸ್ತು ಮುರಿದರೆ ಲೆಕ್ಕ ಹಾಕದೆ ನಿದ್ದೆ ಬರುವುದಿಲ್ಲ. 25 ಕೆ.ಜಿ.ಯ ನಾಯಿ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡಿ ಹಗ್ಗದ ಕೊನೆ ಮುಟ್ಟಿ, ಒಂದು ಅಡಿಯೊಳಗೆ ನಿಲ್ಲಬೇಕಾದರೆ ಬೀಳುವ ಜಗ್ಗು ಸುಮಾರು 270 ಕೆ.ಜಿ. ಭಾರಕ್ಕೆ ಸಮ. ಐದು ಸಿಮೆಂಟ್ ಚೀಲಕ್ಕಿಂತ ಹೆಚ್ಚು! ಕೊರಳನ್ನು ಸುತ್ತಿದ ಪಟ್ಟಿಗೆ ಎರಡು ಮಗ್ಗುಲಿರುವುದರಿಂದ ಒಂದೊಂದು ಮಗ್ಗುಲಿಗೆ ಸುಮಾರು 135 ಕೆ.ಜಿ. ಬೀಳುತ್ತದೆ. ಆದರೆ ಬಳೆಗೆ ಪಾಲುದಾರರಿಲ್ಲ, ಅದು ಪೂರ್ತಿ 270ನ್ನೂ ಒಂದೇ ಹೊರಬೇಕು. ಅದಕ್ಕೇ ಬಳೆ ಮೊದಲು ಸೋತಿತು.

ಚರ್ಮದ ಲೆಕ್ಕವನ್ನೂ ನೋಡಿ. ಒಳ್ಳೆಯ ಹದದ ಚರ್ಮ ಒಂದು ಚದರ ಮಿಲಿಮೀಟರಿಗೆ 2 ಕೆ.ಜಿ. ತಡೆಯುತ್ತದೆ ಎಂದು ಹಿಡಿಯೋಣ. 25 ಮಿ.ಮೀ. ಅಗಲ, 4 ಮಿ.ಮೀ. ದಪ್ಪದ ಪಟ್ಟಿಯಲ್ಲಿ 5 ಮಿ.ಮೀ. ತೂತು ಹೊಡೆದರೆ ಅಲ್ಲಿ ಉಳಿಯುವ ಅಗಲ 20 ಮಿ.ಮೀ. ತಡೆಯುವ ಶಕ್ತಿ 160 ಕೆ.ಜಿ. ಬೇಕಾದದ್ದು 135. ಅಂಚಿನ ಮೇಲೆ ನಿಂತ ಹಾಗೆ. ಅದೇ 40 ಮಿ.ಮೀ. ಅಗಲ ಮಾಡಿದರೆ 280 ಕೆ.ಜಿ., ಅಂದರೆ ಬೇಕಾದದ್ದರ ಎರಡರಷ್ಟು. ಅಗಲ ಹೆಚ್ಚಾದರೆ ಇನ್ನೊಂದು ಪುಣ್ಯವೂ ಇದೆ. ಅದೇ ಜಗ್ಗು ಹೆಚ್ಚು ಜಾಗದ ಮೇಲೆ ಹರಡಿ, ಕೊರಳಿಗೆ ಒತ್ತುವುದು ಕಡಿಮೆಯಾಗುತ್ತದೆ. ಪಟ್ಟಿಯ ಬಲ ನಾಯಿಯನ್ನು ಗೆಲ್ಲಲಿಕ್ಕೆ ಅಲ್ಲ, ನಾಯಿಯನ್ನು ನೋಯಿಸದಿರಲಿಕ್ಕೆ. ಮುಧೋಳದಂಥ ಓಟದ ನಾಯಿಗೆ ತಲೆ ಸಪೂರ, ಕೊರಳು ದಪ್ಪ, ಸಣ್ಣ ಪಟ್ಟಿ ತಲೆಯ ಮೇಲಿಂದ ಜಾರಿಬಿಡುತ್ತದೆ. ಅದಕ್ಕೂ ಅಗಲದ ಪಟ್ಟಿಯೇ ಬೇಕು. ಅದು ಕಿವಿಯ ಹಿಂದೆ, ಕೊರಳಿನ ಮೇಲ್ಭಾಗದಲ್ಲಿ ಕೂರಬೇಕು.

ಕೈ ಕಲಿತ ಪಾಠ

ನೌಕರಿಯ ಮೊದಲ ವರ್ಷಗಳಲ್ಲಿ ನಾನು ಅಥಣಿ ಕಡೆ ಇದ್ದೆ. ಅಥಣಿ ಎಂದರೆ ಚಪ್ಪಲಿ. ಕೊಲ್ಹಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿಯನ್ನು ನಮ್ಮ ಬೆಳಗಾವಿ ಜಿಲ್ಲೆಯ ಕುಶಲಿಗರೂ ತಲೆತಲಾಂತರದಿಂದ ಮಾಡುತ್ತ ಬಂದಿದ್ದಾರೆ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಅದರಲ್ಲಿ ಪಾಲು ಬಂತು. ಆ ಕಾಲದಲ್ಲಿ ಪರಿಚಯವಾಗಿದ್ದ ಹಿರಿಯ ಕುಶಲಿಗರೊಬ್ಬರ ಮನೆಗೆ ಹೋದೆ. ಅವರಿಗೆ ಎಪ್ಪತ್ತು ದಾಟಿದೆ. ನಾನು ಕಾಕಾ ಎನ್ನುತ್ತೇನೆ, ಅವರು ನನ್ನನ್ನು ಸಾಹೇಬ್ರ ಎನ್ನುತ್ತಾರೆ. ಬಾಯಿ ತೆರೆದ ಬಳೆಯನ್ನು ತೋರಿಸಿ, “ಕಾಕಾ, ಇದಕ್ಕೊಂದು ದಾರಿ ಹೇಳ್ರಿ” ಎಂದೆ. ನಾಲ್ಕು ದಿನಕ್ಕೆಂದು ಹೋದವನು ಹನ್ನೊಂದು ದಿನ ಅವರ ಪಕ್ಕ ಕೂತೆ.

ಮೊದಲ ಪಾಠ ಚರ್ಮದ್ದು. ನಾನು ಸ್ಕೇಲು ತೆಗೆದೆ. ಅವರು ಸ್ಕೇಲು ಕಿತ್ತುಕೊಂಡರು. “ಸಾಹೇಬ್ರ, ಇದು ನಿಮ್ಮ ಕಬ್ಬಿಣ ಅಲ್ರಿ, ಎಲ್ಲಾ ಕಡೆ ಒಂದ ಥರ ಇರಾಕ. ಬೆನ್ನಿಂದ ಬ್ಯಾರೆ, ಹೊಟ್ಟಿದ ಬ್ಯಾರೆ. ಮೊದಲ ಬಗ್ಗಿಸಿ ನೋಡ್ರಿ.” ಬೆನ್ನಿನ ಭಾಗದ ಚರ್ಮದಲ್ಲಿ ನಾರು ಒತ್ತಾಗಿರುತ್ತದೆ, ಬಗ್ಗಿಸಿದರೆ ನೆರಿಗೆ ಬೀಳುವುದಿಲ್ಲ. ಹೊಟ್ಟೆಯ ಭಾಗ ಸಡಿಲ, ಜಗ್ಗಿದರೆ ಹಿಗ್ಗುತ್ತದೆ. ಕೊರಳಪಟ್ಟಿಯನ್ನು ಬೆನ್ನಿನ ಭಾಗದಿಂದಲೇ, ಬೆನ್ನೆಲುಬಿಗೆ ಸಮಾನವಾಗಿ ಉದ್ದಕ್ಕೆ ಕತ್ತರಿಸಬೇಕು. ಎಮ್ಮೆಯ ಚರ್ಮ ದಪ್ಪ ಮತ್ತು ಗಟ್ಟಿ, ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ.

ಎರಡನೆಯದು ಹದ. ಜಾಲಿಯ ತೊಗಟೆ, ಅಳಲೆಕಾಯಿ ಇವುಗಳ ಒಗರಿನಲ್ಲಿ ಹದ ಮಾಡುವುದು ಹಳೆಯ ಪದ್ಧತಿ. ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದ ಚರ್ಮವನ್ನು ಚೀಲದ ಹಾಗೆ ಹೊಲಿದು, ನೇತುಹಾಕಿ, ಒಳಗೆ ತೊಗಟೆಯ ನೀರು ತುಂಬುತ್ತಿದ್ದರು. ನೀರು ಚರ್ಮದೊಳಗಿಂದ ಜಿನುಗುತ್ತ ಜಿನುಗುತ್ತ ವಾರಗಟ್ಟಲೆಯಲ್ಲಿ ಅದು ಕೊಳೆಯದ ವಸ್ತುವಾಗುತ್ತಿತ್ತು. ಹಸಿ ಅಡಿಕೆ ಜಗಿದಾಗ ನಾಲಿಗೆ ಬಿಗಿಯುತ್ತದಲ್ಲ, ಆ ಒಗರೇ ಚರ್ಮವನ್ನೂ ಬಿಗಿಯುವುದು. ಡೋಹರ ಕಕ್ಕಯ್ಯನವರ ಕಾಯಕ ಇದೇ. ಕ್ರೋಮಿಯಂ ಲವಣದ ಹದ ಬೇಗ ಆಗುತ್ತದೆ, ಚರ್ಮ ಮೃದುವಾಗಿರುತ್ತದೆ. ಆದರೆ ಪಟ್ಟಿಗೆ ಬೇಕಾದ ಬಿಗಿ, ಅಂಚು ತಿಕ್ಕಿದರೆ ಬರುವ ಹೊಳಪು, ಒತ್ತಿದ ಚಿತ್ತಾರ ನಿಲ್ಲುವ ಗುಣ ತೊಗಟೆಯ ಹದದಲ್ಲೇ ಚೆನ್ನ.

ಮೂರನೆಯದು ಅಳತೆ. ಪಟ್ಟಿ ಕೂರುವ ಜಾಗದಲ್ಲೇ ಕೊರಳಿಗೆ ಟೇಪು ಸುತ್ತಬೇಕು, ಒಳಗೆ ಎರಡು ಬೆರಳು ಆಡಬೇಕು. ಆ ಅಳತೆಗೆ ಬಕಲಿನ ಮಡಿಕೆಗೆ 7 ಸೆಂ.ಮೀ., ಮುಂದಿನ ನಾಲಿಗೆಗೆ 12 ಸೆಂ.ಮೀ. ಕೂಡಿಸಬೇಕು. ಕೊರಳಿನ ಅಳತೆ ನಡುವಿನ ತೂತಿಗೆ ಬರಬೇಕು. ಅದರ ಆಚೆ ಎರಡು, ಈಚೆ ಎರಡು, ಒಟ್ಟು ಐದು ತೂತು, ಒಂದೊಂದಕ್ಕೂ ಎರಡೂವರೆ ಸೆಂ.ಮೀ. ಅಂತರ. ತೂತು ದುಂಡಗಿರಬೇಕು. ಚಾಕುವಿನಿಂದ ಸೀಳಿದ ತೂತು ಮೂಲೆಯಲ್ಲಿ ಹರಿಯಲು ಶುರುವಾಗುತ್ತದೆ.

ಬಕಲ್ ಕೂರುವ ತುದಿಯನ್ನು ರಂಪಿಗೆಯಿಂದ ಹೆರೆದು ಅರ್ಧ ದಪ್ಪಕ್ಕೆ ಇಳಿಸಬೇಕು, ಇಲ್ಲದಿದ್ದರೆ ಮಡಿಕೆ ಉಬ್ಬಿ ಕೊರಳಿಗೆ ಒತ್ತುತ್ತದೆ. ಬಳೆ ಮತ್ತು ಬಕಲ್ ಗಟ್ಟಿ ಹಿತ್ತಾಳೆಯದ್ದೋ ಸ್ಟೇನ್‌ಲೆಸ್ ಸ್ಟೀಲಿನದ್ದೋ ಇರಲಿ. ಕೊಳ್ಳುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಹಿತ್ತಾಳೆ ಎಂದು ಕೊಟ್ಟದ್ದು ಅಯಸ್ಕಾಂತಕ್ಕೆ ಅಂಟಿದರೆ ಒಳಗೆ ಕಬ್ಬಿಣ ಎಂದೇ ಅರ್ಥ. ಬಳೆಯ ಕೂಡುವ ಜಾಗದಲ್ಲಿ ಬೆಸುಗೆ ಇದೆಯೇ ಎಂದು ಉಗುರಿನಿಂದ ತಡವಿ ನೋಡಿ.

ಇನ್ನು ಹೊಲಿಗೆ. ಒಂದೇ ದಾರ, ಎರಡು ತುದಿಗೆ ಎರಡು ಸೂಜಿ. ಉಳಿಯಿಂದ ಚುಚ್ಚಿದ ಒಂದೊಂದು ತೂತಿನಲ್ಲೂ ಎರಡು ಸೂಜಿಗಳು ಎದುರುಬದುರು ಹಾದು ಹೋಗಬೇಕು. ಯಂತ್ರದ ಹೊಲಿಗೆಯಲ್ಲಿ ಒಂದು ಕಡೆ ದಾರ ತುಂಡಾದರೆ ಸಾಲು ಬಿಚ್ಚುತ್ತ ಹೋಗುತ್ತದೆ. ಇದರಲ್ಲಿ ಒಂದು ಹೊಲಿಗೆ ಹೋದರೂ ಪಕ್ಕದ್ದು ಹಿಡಿದಿರುತ್ತದೆ. ದಾರಕ್ಕೆ ಜೇನುಮೇಣ ತಿಕ್ಕಬೇಕು. ಹೊಲಿಗೆಯ ಅಂತರ 4 ಮಿ.ಮೀ. ಇದ್ದರೆ ಸಾಕು. ಒತ್ತೊತ್ತಾಗಿ ಚುಚ್ಚಿದರೆ ಗಟ್ಟಿ ಆಗುತ್ತದೆಂದು ತಿಳಿಯುವವರಿದ್ದಾರೆ. ಅಂಚೆಚೀಟಿಯ ಅಂಚು ಸುಲಭವಾಗಿ ಹರಿಯುವುದು ಯಾಕೆ? ಒತ್ತೊತ್ತು ತೂತು ಇರುವುದಕ್ಕೇ.

ಅಂದದ ಮಾತು ಕೊನೆಗೆ ಬಂದಿತು. ಬಣ್ಣಕ್ಕೆ ಅಂಗಡಿಯ ಡಬ್ಬಿ ಬೇಕಿಲ್ಲ. ನಮ್ಮ ಹೊನ್ನಾವರ ಕಡೆ ಅಡಿಕೆ ಬೇಯಿಸಿದ ಚೊಗರು ಸಿಗುತ್ತದೆ, ಅದನ್ನು ಬಳಿದರೆ ಕೆಂಪುಗಂದು. ಬೆಲ್ಲದ ನೀರಿನಲ್ಲಿ ಕಬ್ಬಿಣದ ಚೂರು ಹಾಕಿ ಕೆಲವು ದಿನ ಇಟ್ಟು, ಸೋಸಿ ಬಳಿದರೆ ತೊಗಟೆಯ ಒಗರಿಗೂ ಕಬ್ಬಿಣಕ್ಕೂ ಕೂಡಿಕೆಯಾಗಿ ಗಾಢ ಕಪ್ಪು. ಬಕಲನ್ನು ತಿನ್ನುವ ತುಕ್ಕು ಇಲ್ಲಿ ಬಣ್ಣವಾಗಿ ಉಪಕಾರ ಮಾಡುತ್ತದೆ. ಅಥಣಿಯ ಚಪ್ಪಲಿಯ ಮೇಲಿನ ಹೆಣಿಕೆಯನ್ನೇ ಸಣ್ಣದಾಗಿ ಪಟ್ಟಿಯ ನಡುವೆ ತರಬಹುದು. ಅಂಚನ್ನು ನೀರು ಹಚ್ಚಿ ನಯವಾದ ಮರದ ತುಂಡಿನಿಂದ ತಿಕ್ಕಿದರೆ ಗಾಜಿನ ಹಾಗೆ ಹೊಳೆಯುತ್ತದೆ. ಒಳಮೈಗೆ ಮೆತ್ತನೆಯ ಆಡಿನ ಚರ್ಮದ ಅಸ್ತರಿ. ಕಾಕಾ ಹೇಳುತ್ತಿದ್ದರು: “ಹೊರಗಿನ ಚಂದ ನೋಡೋರಿಗಿ, ಒಳಗಿನ ಚಂದ ಹಾಕ್ಕೊಳ್ಳೋರಿಗಿ. ನಾಯಿ ಹೊರಗಿಂದ ನೋಡಂಗಿಲ್ರಿ.”

ಮಳೆಗಾಲದಲ್ಲಿ ನಮ್ಮಲ್ಲಿ ಚರ್ಮಕ್ಕೆ ಬೂಸು ಹಿಡಿಯುತ್ತದೆ. ಒದ್ದೆಯಾದರೆ ಬಟ್ಟೆಯಲ್ಲಿ ಒರಸಿ ನೆರಳಿನಲ್ಲಿ ಆರಿಸಬೇಕು, ಒಲೆಯ ಮುಂದೆ ಇಡಬಾರದು. ಕಡಲಿಗೆ ಇಳಿದು ಬಂದ ನಾಯಿಯ ಪಟ್ಟಿಯನ್ನು ಸಿಹಿನೀರಿನಲ್ಲಿ ತೊಳೆಯಬೇಕು. ತಿಂಗಳಿಗೊಮ್ಮೆ ಒಂದು ಹನಿ ಎಣ್ಣೆ, ಹೆಚ್ಚು ಬೇಡ. ಎಷ್ಟು ಒಳ್ಳೆಯ ಪಟ್ಟಿಯಾದರೂ ದಿನವಿಡೀ ಕಟ್ಟಿಹಾಕಲು ಅದು ಪರವಾನಗಿಯಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ, ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಪ್ರಾಣಿಯನ್ನು ವಿಪರೀತ ಹೊತ್ತು ಕಟ್ಟುವುದು, ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದೆ ಇರುವುದು ಅಪರಾಧ.

ಎರಡು ಪಂಕ್ತಿ

ಇಲ್ಲಿಯವರೆಗೆ ಹೇಳಿದ್ದು ಪಟ್ಟಿಯ ಬಲ. ಇನ್ನು ಮುಂದೆ ಹೇಳುವುದು ನಮ್ಮ ಬಲಹೀನತೆ.

ಮರುವರ್ಷ ಕಾಕಾ ಮಂಕಿಗೆ ಬಂದರು. ಒಂದು ವಾರ ಇದ್ದರು. ಸಮುದ್ರ ನೋಡಿದ್ದು ಅದೇ ಮೊದಲಂತೆ. ಮೊದಲ ದಿನ ಊಟದ ಹೊತ್ತಿಗೆ ಅವರು ಮೆಲ್ಲಗೆ ತಟ್ಟೆ ಎತ್ತಿಕೊಂಡು ಜಗಲಿಗೆ ಹೋಗಿ ಕೂತರು. ಯಾರೂ ಹೋಗೆಂದಿರಲಿಲ್ಲ. ಎಪ್ಪತ್ತು ವರ್ಷದ ಅಭ್ಯಾಸ ಕಾಲನ್ನು ತಾನಾಗಿ ಹೊರಗೆ ಒಯ್ದಿತ್ತು. ನನ್ನ ಹೆಂಡತಿ ಹೊರಗೆ ಹೋಗಿ, “ಅಣ್ಣಾರ, ನಮ್ಮ ಮನ್ಯಾಗ ಎರಡು ಪಂಕ್ತಿ ಇಲ್ರಿ. ನೀವು ಒಳಗ ಬರೂತನಕ ನಾವೂ ಉಣ್ಣಂಗಿಲ್ಲ” ಎಂದಳು. ಅವರು ಬಂದರು. ಆದರೆ ಆ ದಿನ ಅವರಿಗೆ ಊಟ ಸರಿಯಾಗಿ ಸೇರಲಿಲ್ಲ ಎಂಬುದು ನಮಗೆ ಕಾಣುತ್ತಿತ್ತು.

ರಾತ್ರಿ ಮಾತಿಗೆ ಕೂತಾಗ ನಾನು ಉತ್ಸಾಹದಲ್ಲಿ, ಈ ಕಲೆಯನ್ನು ಉಳಿಸಬೇಕು, ನಿಮ್ಮ ಮೊಮ್ಮಗನೂ ಇದನ್ನು ಮುಂದುವರಿಸಲಿ ಎಂದು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ನೀವು ಮಾಡಿದ್ರ ಇದು ಹವ್ಯಾಸ. ನಾವು ಮಾಡಿದ್ರ ಇದು ಜಾತಿ.”

ಮೊಮ್ಮಗ ಡಿಪ್ಲೊಮಾ ಓದಿದ್ದಾನೆ. ಕೈಯಲ್ಲಿ ಅಜ್ಜನ ಕೆಲಸವೂ ಇದೆ, ಚೆನ್ನಾಗಿ ಬರುತ್ತದೆ. ಆದರೆ ಪಟ್ಟಣದಲ್ಲಿ ಬಾಡಿಗೆ ಕೋಣೆ ಕೇಳುವಾಗ ಮನೆಯವರು ಏನು ಮಾಡುತ್ತಾರೆ ಎಂದರೆ ‘ವ್ಯಾಪಾರ’ ಎನ್ನುತ್ತಾನೆ. ಚರ್ಮ ಎಂಬ ಪದ ಬಂದರೆ ಕೋಣೆ ಖಾಲಿ ಇರುವುದಿಲ್ಲ. ನನಗೆ ಅದೇ ಕೆಲಸಕ್ಕೆ ಏನು ಸಿಕ್ಕಿತು? ನೆರೆಯವರು ಬಂದು ನೋಡಿ, ‘ನಿವೃತ್ತಿಯಾದ ಮೇಲೂ ಎಷ್ಟು ಚಟುವಟಿಕೆ!’ ಎಂದು ಹೊಗಳಿದರು. ಒಂದೇ ಉಳಿ, ಒಂದೇ ದಾರ, ಒಂದೇ ಹೊಲಿಗೆ. ನನ್ನ ಕೈಯಲ್ಲಿ ಮೆಚ್ಚುಗೆ, ಆ ಹುಡುಗನ ಕೈಯಲ್ಲಿ ಅವಮಾನ.

ಶರಣ ಬಂಧುಗಳೇ, ಹನ್ನೆರಡನೆಯ ಶತಮಾನದಲ್ಲಿ ಕೇಳಿದ ಪ್ರಶ್ನೆ ಇದೇ ಅಲ್ಲವೇ? ಹರಳಯ್ಯ, ಕಲ್ಯಾಣಮ್ಮ ದಂಪತಿಗಳ ಕಥೆ ನಿಮಗೆಲ್ಲ ಗೊತ್ತು. ತಾನು ಒಂದು ಶರಣು ಹೇಳಿದರೆ ಬಸವಣ್ಣನವರು ಎರಡು ಶರಣು ಹೇಳಿದರೆಂದು, ಆ ಋಣ ತೀರಿಸಲು ತಮ್ಮ ತೊಡೆಯ ಚರ್ಮದಿಂದ ಪಾದುಕೆ ಮಾಡಿದರು. ನಾವು ಆ ಕಥೆ ಹೇಳುವಾಗ ತ್ಯಾಗಕ್ಕೆ ಕಣ್ಣೀರು ಹಾಕುತ್ತೇವೆ, ಕೆಲಸವನ್ನು ಮರೆಯುತ್ತೇವೆ. ಹರಳಯ್ಯನವರು ಬಸವಣ್ಣನವರ ಪಾದದ ಅಳತೆ ಬಲ್ಲವರು. ಕತ್ತರಿಸಬಲ್ಲವರು, ಹೊಲಿಯಬಲ್ಲವರು. ಕೈಯಲ್ಲಿ ವಿದ್ಯೆ ಇಲ್ಲದವರಿಗೆ ಆ ಕಾಣಿಕೆ ಸಾಧ್ಯವೇ ಇರಲಿಲ್ಲ.

ಮಾದಾರ ಚೆನ್ನಯ್ಯನವರ ವಚನಗಳ ಅಂಕಿತವನ್ನು ಒಮ್ಮೆ ನೋಡಿ. ಕೈಯುಳಿ, ಕತ್ತಿ, ಅಡಿಗೂಂಟ ಎಂಬ ಉಪಕರಣಗಳ ಹೆಸರು ಆ ಅಂಕಿತದಲ್ಲೇ ಇವೆ. ದೇವರನ್ನು ಕರೆಯುವ ಜಾಗಕ್ಕೆ ತಮ್ಮ ಕಸುಬಿನ ಸಾಮಾನುಗಳನ್ನು ತಂದಿಟ್ಟ ಧೈರ್ಯ ಅದು. ಬಸವಣ್ಣನವರು ಚೆನ್ನಯ್ಯನವರನ್ನೂ ಕಕ್ಕಯ್ಯನವರನ್ನೂ ತಮ್ಮ ಹೆತ್ತವರ ಸಾಲಿನಲ್ಲಿ ಕೂರಿಸಿದರು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾದಾಗ ಕಲ್ಯಾಣವೇ ಹೊತ್ತಿ ಉರಿಯಿತು. ಶರಣರು ಉಳವಿಯತ್ತ ಹೊರಟಾಗ ಅವರ ಬೆನ್ನಿಗೆ ನಿಂತು ಕಾದಾಡಿದ ಕಕ್ಕಯ್ಯನವರು ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ ಐಕ್ಯರಾದರೆಂದು ಪರಂಪರೆ ಹೇಳುತ್ತದೆ. ಉಳವಿ ಇರುವುದು ನಮ್ಮದೇ ಉತ್ತರ ಕನ್ನಡ ಜಿಲ್ಲೆಯಲ್ಲಿ. ವರ್ಷಾವರ್ಷ ಚಕ್ಕಡಿ ಕಟ್ಟಿಕೊಂಡು ಚೆನ್ನಬಸವಣ್ಣನವರ ಜಾತ್ರೆಗೆ ಬರುತ್ತೇವೆ. ವಚನದ ಕಟ್ಟುಗಳು ಉಳವಿ ಮುಟ್ಟಿದ್ದರೆ ಅದರಲ್ಲಿ ಚರ್ಮ ಹದ ಮಾಡುವ ಕೈಗಳ ಪಾಲಿದೆ.

ಇಂಥ ಪರಂಪರೆಯವರು ನಾವು. ಆದರೂ ಹರಳಯ್ಯನವರ ಜಯಂತಿಯನ್ನು ಬಹುಪಾಲು ಸಮಗಾರ ಸಮಾಜದವರೇ ಮಾಡುತ್ತಾರೆ, ನಾವು ಅತಿಥಿಗಳಾಗಿ ಹೋಗಿ ಹಾರ ಹಾಕಿಸಿಕೊಂಡು ಬರುತ್ತೇವೆ.

ಕೆಲವು ಹಿರಿಯರು ನನ್ನನ್ನು ಕೇಳಿದ್ದಾರೆ: “ನಾವು ಸಸ್ಯಾಹಾರಿಗಳು, ಚರ್ಮ ಮುಟ್ಟುವುದು ಸರಿಯೇ?” ದಯೆಯಿಂದ ಚರ್ಮವನ್ನೇ ಪೂರ್ತಿ ಬಿಟ್ಟವರಿದ್ದರೆ ಅವರಿಗೆ ನನ್ನ ನಮಸ್ಕಾರ. ಇದೇ ಅಳತೆಯಲ್ಲಿ ದಪ್ಪ ನೂಲಿನ ಪಟ್ಟಿಯನ್ನೂ ಮಾಡಬಹುದು, ನಾನೇ ಹೇಳಿಕೊಡುತ್ತೇನೆ. ಆದರೆ ಕಾಲಲ್ಲಿ ಚರ್ಮದ ಬೂಟು, ಸೊಂಟಕ್ಕೆ ಚರ್ಮದ ಬೆಲ್ಟು, ಜೇಬಿನಲ್ಲಿ ಚರ್ಮದ ಪಾಕೀಟು ಇಟ್ಟುಕೊಂಡು ಅದನ್ನು ಮಾಡಿದವನ ನೀರು ಬೇಡವೆನ್ನುವುದು ಅಹಿಂಸೆಯಲ್ಲ. ನಮ್ಮ ಹೊನ್ನಾವರ ಯಕ್ಷಗಾನದ ಸೀಮೆ. ಚಂಡೆ, ಮದ್ದಳೆ ಚರ್ಮವಿಲ್ಲದೆ ನುಡಿಯುವುದಿಲ್ಲ. ಜಾತ್ರೆಯಲ್ಲಿ ದೇವರ ಮುಂದೆ ಡೊಳ್ಳು ಬಡಿಯುವಾಗ ಯಾರೂ ಮೈಲಿಗೆ ಎನ್ನುವುದಿಲ್ಲ. ನುಡಿಯುವಾಗ ಮಡಿ, ಮಾಡುವಾಗ ಮೈಲಿಗೆಯೇ?

ದರದ ಲೆಕ್ಕ, ಹೆಸರಿನ ಲೆಕ್ಕ

ಗೌರವ ಎನ್ನುವುದು ಬರೀ ಮಾತಲ್ಲ, ಅದಕ್ಕೆ ದರವೂ ಇದೆ. ನಮ್ಮ ಇಲಾಖೆಯ ದರಪಟ್ಟಿಯಲ್ಲಿ ಗಾರೆಯವರಿಗೆ, ಬಡಗಿಗೆ, ಕಲ್ಲು ಕೆಲಸದವರಿಗೆ ದಿನಗೂಲಿ ಬರೆದಿರುತ್ತದೆ. ಸಾಮಾನು, ಕೂಲಿ, ಸಾಗಣೆ, ಲಾಭ ಎಲ್ಲ ಕೂಡಿಸಿಯೇ ಅಂದಾಜು. ಇದೇ ಕ್ರಮದಲ್ಲಿ ಈ ಪಟ್ಟಿಗೆ ನಾನು ಅಂದಾಜು ಮಾಡಿದೆ. ಚರ್ಮ 180 ರೂಪಾಯಿ. ಹಿತ್ತಾಳೆಯ ಬಕಲ್, ಬಳೆ 160. ದಾರ, ಮೇಣ, ಅಸ್ತರಿ 60. ಒಟ್ಟು ಸಾಮಾನು 400. ಕೆಲಸ ನಾಲ್ಕು ಗಂಟೆ, ದಿನಕ್ಕೆ 800ರಂತೆ ಕೂಲಿ 400. ಉಪಕರಣದ ಸವೆತ, ಸಾಗಣೆ 80. ಮೇಲೆ ಶೇಕಡಾ 10 ಲಾಭ. ಒಟ್ಟು 968 ರೂಪಾಯಿ.

ಕಾಕಾ ಮಾಡಿದ ಹತ್ತು ಪಟ್ಟಿಗಳನ್ನು ನಗರದ ಒಂದು ಅಂಗಡಿಗೆ ಒಯ್ದೆ. ಅಂಗಡಿಯವರು ಕೈಯಲ್ಲಿ ಹಿಡಿದು ಬಹಳ ಮೆಚ್ಚಿದರು, ಒಂದಕ್ಕೆ 350 ಕೊಡುತ್ತೇವೆ ಎಂದರು. ಸಾಮಾನಿನ ಬೆಲೆಯೂ ಹುಟ್ಟುವುದಿಲ್ಲ. ಅದೇ ಗೋಡೆಗೆ ತೂಗುಹಾಕಿದ್ದ ಹೊರದೇಶದ ಪಟ್ಟಿಯ ಮೇಲೆ 2400 ಎಂಬ ಚೀಟಿ ಇತ್ತು. ಕೂಲಿಯ ಜಾಗದಲ್ಲಿ ಸೊನ್ನೆ ಬರೆಯುವುದು ನಮಗೆ ಅಷ್ಟು ಅಭ್ಯಾಸವಾಗಿದೆ. ಪಟ್ಟಿಗಳನ್ನು ವಾಪಸು ತಂದು, ನಾಯಿ ಸಾಕಿದ ಗೆಳೆಯರಿಗೆ ಲೆಕ್ಕದ ಚೀಟಿ ತೋರಿಸಿ, 968ಕ್ಕೇ ಕೊಟ್ಟೆವು. ಹತ್ತೂ ಹೋದವು. ಲೆಕ್ಕ ಬಿಚ್ಚಿ ತೋರಿಸಿದರೆ ಜನ ಕೊಡುತ್ತಾರೆ.

ಹೆಸರಿನ ಮಾತು. 2025ರ ಜೂನಿನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಎಂಬ ಕಂಪನಿ ಕೊಲ್ಹಾಪುರಿಯಂಥದ್ದೇ ಚಪ್ಪಲಿಯನ್ನು ಪ್ರದರ್ಶಿಸಿತು. ಎಲ್ಲಿಯದೆಂದು ಹೇಳಿರಲಿಲ್ಲ. ಇಲ್ಲಿಂದ ಪ್ರತಿಭಟನೆ ಎದ್ದ ಮೇಲೆ, ಭಾರತದ ಕುಶಲಿಗರ ಪರಂಪರೆಯಿಂದ ಪ್ರೇರಣೆ ಪಡೆದದ್ದು ಎಂದು ಒಪ್ಪಿಕೊಂಡಿತು. ನಮಗೆಲ್ಲ ಕೋಪ ಬಂತು, ಬರಬೇಕಾದದ್ದೇ. ಆದರೆ ನಮ್ಮ ಕಾಲಲ್ಲಿರುವ ಚಪ್ಪಲಿಯನ್ನು ಹೊಲಿದವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಈ ಪಟ್ಟಿಯ ಒಳಮೈಯನ್ನು ಮುಂದೆ ಕೂತವರು ನೋಡಿ. ಕಾಕಾ ಹೊಲಿದದ್ದರಲ್ಲಿ ಅವರ ಹೆಸರು ಅಚ್ಚೊತ್ತಿದೆ. ಮೊದಲು ಅವರು ಬೇಡ ಎಂದರು. “ಹೆಸರ ನೋಡಿ ಜಾತಿ ಹಿಡಿತಾರ್ರಿ, ಕೊಳ್ಳಂಗಿಲ್ಲ” ಎಂಬುದು ಅವರ ಅಂಜಿಕೆ. ಹತ್ತೂ ಹೋದ ಮೇಲೆ ಅಚ್ಚಿನ ಮೊಳೆಯನ್ನು ತಾವೇ ಕೇಳಿ ಇಸಿದುಕೊಂಡರು.

ಪೂಜ್ಯರಲ್ಲಿ ಅರಿಕೆ

ಕಾಯಕ ಮತ್ತು ಕುಲಕಸುಬು ಒಂದೇ ಅಲ್ಲ. ಕುಲಕಸುಬು ಹುಟ್ಟಿನಿಂದ ಹೆಗಲೇರುತ್ತದೆ. ಕಾಯಕವನ್ನು ಮನಸ್ಸಿನಿಂದ ಒಪ್ಪಿ ಹಿಡಿಯಬೇಕು, ಅದರ ಫಲದಲ್ಲಿ ದಾಸೋಹಕ್ಕೂ ಪಾಲು ಇರಬೇಕು. ಕಾಕಾ ಅವರ ಮೊಮ್ಮಗನನ್ನು ‘ಕಲೆ ಉಳಿಸು’ ಎಂದು ಮತ್ತೆ ಅದೇ ಮೂಲೆಯಲ್ಲಿ ಕೂರಿಸುವುದು ಸುಧಾರಣೆಯಲ್ಲ. ಅವನು ಇಂಜಿನಿಯರಾಗಲಿ. ಆ ಮೂಲೆಗೆ ನಾವು ಹೋಗಿ ಕೂರಬೇಕು. ಎಲ್ಲರ ಮಕ್ಕಳು ಕೂತ ದಿನ ಅದು ಜಾತಿಯಾಗಿ ಉಳಿಯುವುದಿಲ್ಲ.

ಅದಕ್ಕೆ ಪೂಜ್ಯರಲ್ಲಿ ನಾಲ್ಕು ಅರಿಕೆ. ಒಂದು, ಪ್ರಸಾದ ನಿಲಯದಲ್ಲಿ ವಾರಕ್ಕೆ ಎರಡು ದಿನ ಚರ್ಮ ಕಾಯಕದ ಕಲಿಕೆ ನಡೆಯಲಿ, ಎಲ್ಲ ಮಕ್ಕಳಿಗೂ ತೆರೆದಿರಲಿ. ನನ್ನ ಮೊಮ್ಮಗಳ ಹೆಸರನ್ನು ಮೊದಲನೆಯದಾಗಿ ಬರೆಸುತ್ತೇನೆ. ಎರಡು, ಕಲಿಸಲು ಬರುವ ಕುಶಲಿಗರಿಗೆ ಶಿಕ್ಷಕರ ಸಂಬಳ, ಶಿಕ್ಷಕರ ಕುರ್ಚಿ ಇರಲಿ. ಮಕ್ಕಳು ಅವರನ್ನು ಗುರುಗಳೇ ಎನ್ನಲಿ. ಮೂರು, ಇಲ್ಲಿ ಮಾಡಿದ ವಸ್ತುವಿಗೆ ಲೆಕ್ಕದ ಚೀಟಿ ಅಂಟಿಸಿ ಪೂರ್ತಿ ದರಕ್ಕೇ ಮಾರೋಣ, ಮಾಡಿದವರ ಹೆಸರು ಅದರ ಮೇಲಿರಲಿ. ನಮ್ಮ ಸರ್ಕಾರದ ಲಿಡ್ಕರ್ ನಿಗಮ ಚರ್ಮ ಕುಶಲಿಗರಿಗೆಂದೇ ಇದೆ, ತರಬೇತಿಗೆ ಅವರನ್ನೂ ಕೇಳೋಣ. ನಾಲ್ಕು, ಹರಳಯ್ಯನವರ ಜಯಂತಿಯನ್ನು ಮುಂದಿನ ವರ್ಷದಿಂದ ಮಠವೇ ಮಾಡಲಿ. ಅಂದು ಭಾಷಣ ಕಡಿಮೆಯಿರಲಿ. ಒಂದೇ ಪಂಕ್ತಿಯಲ್ಲಿ ಪ್ರಸಾದವಾಗಲಿ, ಬಡಿಸುವ ಸೌಟು ಸಮಗಾರ ಕೇರಿಯ ತಾಯಂದಿರ ಕೈಯಲ್ಲೂ ಇರಲಿ. ಉಣ್ಣಲಿಕ್ಕೆ ಜೊತೆಗೆ ಕೂರುವುದು ಅರ್ಧ, ಅವರ ಕೈಯಿಂದ ಉಣ್ಣುವುದು ಪೂರ್ತಿ.

ಇದಕ್ಕೆ ದೊಡ್ಡ ಕಟ್ಟಡ ಬೇಡ. ಒಂದು ಉದ್ದ ಮೇಜು, ಎಂಟು ಉಳಿ, ನಾಲ್ಕು ರಂಪಿಗೆ, ಸೂಜಿ, ದಾರ, ಮೇಣ ಸಾಕು. ಅದರ ಖರ್ಚನ್ನು ನನ್ನ ಪಿಂಚಣಿಯಿಂದ ಸಲ್ಲಿಸುತ್ತೇನೆ, ಅದು ದಾನವಲ್ಲ, ಹನ್ನೊಂದು ದಿನ ಕಲಿತದ್ದರ ಋಣ. ಮೇಜು ಬಂದ ದಿನ ಯಾರ ಮಕ್ಕಳು ಮೊದಲು ಬಂದು ಕೂರುತ್ತಾರೆ ಎಂಬುದರಿಂದ ನಾವು ಬಸವಣ್ಣನವರಿಗೆ ಎಷ್ಟು ಹತ್ತಿರ ಇದ್ದೇವೆ ಎಂದು ಅಳೆಯಬಹುದು. ಅದಕ್ಕೆ ಬೇರೆ ಅಳತೆ ಪುಸ್ತಕ ಬೇಕಿಲ್ಲ.